ಗೋಡೆಯಾಚೆಯ ಹಸಿರು

ಮೈಸೂರಿನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆಚೆ ಪಕ್ಕದ ಮನೆಯಾಕೆಯ ಲಾನ್. ಈಚೆ ನಮ್ಮ ಹುಲ್ಲು. ಲಾನ್ ಎನ್ನಿಸಿಕೊಳ್ಳುವ ಯೋಗ್ಯತೆ ನಮ್ಮದಕ್ಕಿಲ್ಲ. ಗರಿಕೆ, ತುಂಬೆ, ಒಂದೆಲಗ ಎಲ್ಲವೂ ಅಲ್ಲಿ ಹೊಂದಿಕೊಂಡು ಬೆಳೆಯುತ್ತವೆ. ನಾನು ಹಾಕುವುದು ಹಿತ್ತಲ ಗುಂಡಿಯ ಸಗಣಿ ಗೊಬ್ಬರ ಮಾತ್ರ. ಆಕೆ ಗರಿಕೆಯನ್ನು ಕಳೆಯೆಂದು ಬೇರುಸಹಿತ ಕೀಳುತ್ತಾರೆ. ಚೌತಿಯ ದಿನ ಅದನ್ನೇ ಕೇಳಿಕೊಂಡು ನಮ್ಮ ಗೇಟಿಗೆ ಬರುತ್ತಾರೆ. ಕೊಡುವಾಗ ನನಗೊಂದು ಸಣ್ಣ ಹೆಮ್ಮೆ.

ಕಳೆದ ಬೇಸಿಗೆಯಲ್ಲಿ ಆಕೆಯ ಮಗಳ ನಿಶ್ಚಿತಾರ್ಥ ಮನೆಯಲ್ಲೇ ಎಂದು ಗೊತ್ತಾಯಿತು. ಅಷ್ಟರೊಳಗೆ ಹುಲ್ಲು ಹಸಿರಾಗಬೇಕಲ್ಲ! ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ, ಆಕೆ ಒಣನೆಲದ ಮೇಲೆ ಯೂರಿಯಾವನ್ನು ಹಿಡಿಹಿಡಿಯಾಗಿ ಎರಚುತ್ತಿರುವುದು ಕಂಡಿತು. ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿರುತ್ತದೆ. ಅಷ್ಟೇ ತೂಕದ ಸಗಣಿ ಗೊಬ್ಬರದಲ್ಲಿ ಅರ್ಧ ಕಿಲೋ ಆಸುಪಾಸು. ಹಿತಮಿತವಾಗಿ ಹಾಕಿ ನೀರುಣಿಸಿದರೆ ಯೂರಿಯಾ ಹುಲ್ಲಿಗೆ ಅನ್ನವೇ. ಒಣನೆಲದಲ್ಲಿ ಅತಿಯಾದರೆ ಬೇರನ್ನು ಸುಡುತ್ತದೆ. ತವರಿನಲ್ಲಿ ಅಪ್ಪ ನೆಲದಲ್ಲಿ ಹದವಿಲ್ಲದೆ ಯೂರಿಯಾ ಚೀಲ ಬಿಚ್ಚುತ್ತಿರಲಿಲ್ಲ.

ಇಷ್ಟು ತಿಳಿದೂ ನಾನು ಸುಮ್ಮನಿದ್ದೆ. ಕೇಳದೆ ಬುದ್ಧಿ ಹೇಳುವುದು ಸಭ್ಯತೆಯಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕು ದಿನದಲ್ಲಿ ಆಕೆಯ ಲಾನ್ ಅಲ್ಲಲ್ಲಿ ಕಂದಿ ಹುರಿದಂತಾಯಿತು. ನೋಡಿದಾಗ ನನ್ನೊಳಗೆ ಯಾರೋ ಮೆಲ್ಲಗೆ ನಕ್ಕಂತಾಯಿತು. ಆ ನಗುವಿನಿಂದಲೇ ನನ್ನ ಸಭ್ಯತೆಯ ಬಂಡವಾಳ ಬಯಲಾಯಿತು. ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೋಗಿ ಹೇಳಿದೆ: "ದಿನಾ ಚೆನ್ನಾಗಿ ನೀರು ಬಿಡಿ, ಬೇರು ಉಳಿದಿದ್ದರೆ ಚಿಗುರುತ್ತದೆ. ನೀವು ಎರಚುವಾಗಲೇ ನಾನು ನೋಡಿದ್ದೆ. ಹೇಳಲಿಲ್ಲ."

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇರಲಿ ಬಿಡಿ ಅಕ್ಕಾ. ನಿಮ್ಮ ಗುಂಡಿಯ ನೊಣಕ್ಕೆ ಹೆದರಿ ಎರಡು ವರ್ಷದಿಂದ ನಾನು ಅಡುಗೆಮನೆ ಕಿಟಕಿಯನ್ನೇ ತೆಗೆದಿಲ್ಲ. ನಾನೂ ಹೇಳಲಿಲ್ಲವಲ್ಲ" ಎಂದರು.

ಇಬ್ಬರದೂ ಮೌನವೇ. ಆದರೆ ಎರಡೂ ಒಂದೇ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನನಗೆ ನೋವಾಗದಿರಲೆಂದು ಆಕೆ ತಾನು ಸೆಕೆಯಲ್ಲಿ ಬೆಂದರು. ನನ್ನ ಮೌನಕ್ಕೆ ಬೆಲೆ ತೆತ್ತವರೂ ಅವರೇ. ಸುಮ್ಮನಿರುವುದು ಸಹನೆಯೋ ಸಣ್ಣತನವೋ ತಿಳಿಯಬೇಕಾದರೆ, ಅದರ ನಷ್ಟ ಯಾರ ಪಾಲಿಗೆ ಬಿತ್ತೆಂದು ನೋಡಿದರೆ ಸಾಕು. ಹಾಗೆಂದು ಆಕೆಯ ಸಹನೆಯಿಂದಲೂ ಯಾರಿಗೂ ಒಳ್ಳೆಯದಾಗಲಿಲ್ಲ. ಒಂದು ಮಾತು ಹೇಳಿದ್ದರೆ ಗುಂಡಿಗೆ ಮಣ್ಣು, ತರಗೆಲೆ ಮುಚ್ಚುವುದು ಹತ್ತು ನಿಮಿಷದ ಕೆಲಸವಾಗಿತ್ತು.

ನಿಶ್ಚಿತಾರ್ಥ ಕಂದಿದ ಹುಲ್ಲಿನ ಮೇಲೇ ನಡೆಯಿತು. ಬಂದವರೆಲ್ಲ ನೋಡಿದ್ದು ಹುಡುಗಿಯನ್ನು. ಗುಂಡಿ ಮುಚ್ಚಿದ್ದೇನೆ, ಕಿಟಕಿ ತೆರೆದಿದೆ. ಈಗ ಆಕೆಯ ಒಗ್ಗರಣೆಯ ಘಾಟಿಗೆ ನಾನು ಸೀನುತ್ತೇನೆ. ಗೋಡೆಯ ಮೇಲಿಂದ ಹೇಳಿಯೂ ಬಿಡುತ್ತೇನೆ.