ಖರ್ಜೂರದ ಮರವನ್ನು ಅಲುಗಿಸಿದ ಕೈ

ಕರಾವಳಿಯಲ್ಲಿ ಬೆಳೆದವರಿಗೆ ಸೆಪ್ಟೆಂಬರ್ 8ರ ವಿಶೇಷವೇನೆಂದು ಗೊತ್ತಿದೆ. ಅಂದು ನಮ್ಮ ಕ್ರೈಸ್ತ ನೆರೆಹೊರೆಯವರಿಗೆ ಮೊಂತಿ ಹಬ್ಬ. ಮಳೆ ತಗ್ಗಿ ಗದ್ದೆಯಲ್ಲಿ ತೆನೆ ಮೂಡುವ ಕಾಲ. ಪುಟ್ಟ ಮಕ್ಕಳು ಹೂವು ಹಿಡಿದು ಇಗರ್ಜಿಗೆ ಹೋಗುತ್ತಾರೆ. ಹೊಸ ತೆನೆಯನ್ನು ಮನೆಗೆ ತಂದು ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಉಣ್ಣುತ್ತಾರೆ. ಮಾತೆ ಮೇರಿಯ ಜನ್ಮದಿನವೆಂದು ಅವರು ಆ ದಿನವನ್ನು ಆಚರಿಸುತ್ತಾರೆ.

ಅವರು ಮೇರಿ ಎಂದು ಕರೆಯುವ ಆ ಪುಣ್ಯವತಿಯೇ ಹ. ಮರ್ಯಮ್(ಅ). ನಾವು ಅವರನ್ನು ಆರಾಧಿಸುವುದಿಲ್ಲ. ಅವರ ಪುತ್ರ ಹ. ಈಸಾ(ಅ) ಅಲ್ಲಾಹನ ದಾಸರೂ ಪ್ರವಾದಿಯೂ ಆಗಿದ್ದಾರೆಂಬುದು ನಮ್ಮ ವಿಶ್ವಾಸ. ಇದರಲ್ಲಿ ನಮಗೂ ಕ್ರೈಸ್ತರಿಗೂ ಇರುವ ಅಂತರವನ್ನು ಮರೆಮಾಚಬೇಕಾಗಿಲ್ಲ. ಆದರೆ ಪವಿತ್ರ ಕುರ್‌ಆನ್ ಹೆಸರೆತ್ತಿ ಹೇಳಿದ ಏಕೈಕ ಮಹಿಳೆ ಅವರೇ. 98 ಸೂಕ್ತಗಳ ಒಂದು ಅಧ್ಯಾಯವೇ ಅವರ ಹೆಸರಿನಲ್ಲಿದೆ. ಅತ್ತಹ್ರೀಮ್ ಅಧ್ಯಾಯದ ಕೊನೆಯಲ್ಲಿ ಫಿರ್‌ಔನನ ಪತ್ನಿಯ ಜೊತೆಗೆ ಹ. ಮರ್ಯಮರನ್ನೂ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಮಾದರಿಯಾಗಿ ಮುಂದಿಟ್ಟಿದ್ದಾನೆ. ಕೇವಲ ಸ್ತ್ರೀಯರಿಗಲ್ಲ, ಗಡ್ಡ ಬೆಳೆಸಿದ ಪುರುಷರಿಗೂ!

ಓದುಗರೇ, ಯಾವುದರಲ್ಲಿ ಅವರು ನಮಗೆ ಮಾದರಿ? ಇದಕ್ಕೆ ಉತ್ತರ ಹೇಳುವ ಮುನ್ನ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನನ್ನದೊಂದು ತಪ್ಪು

ನಮ್ಮ ಬೀದಿಯಲ್ಲಿ ಒಬ್ಬ ಸಹೋದರಿ ಇದ್ದರು. ಗಂಡ ಕೊಲ್ಲಿ ರಾಷ್ಟ್ರಕ್ಕೆ ದುಡಿಯಲು ಹೋದವನು ಮೊದಲ ಎರಡು ವರ್ಷ ಹಣ ಕಳುಹಿಸಿದ. ಬಳಿಕ ಹಣ ನಿಂತಿತು. ಆಮೇಲೆ ಪತ್ರವೂ ನಿಂತಿತು. ಇಬ್ಬರು ಸಣ್ಣ ಮಕ್ಕಳು, ಬಾಡಿಗೆ ಮನೆ, ಅಂಗಡಿಯಲ್ಲಿ ಬೆಳೆಯುತ್ತಿದ್ದ ಸಾಲದ ಲೆಕ್ಕ. ಸಂಜೆಯಾದರೆ ಬೀದಿಯ ಬಾಯಿಗಳು ತೆರೆದುಕೊಳ್ಳುತ್ತಿದ್ದವು. ಗಂಡ ಏಕೆ ಬಿಟ್ಟ? ಏನೂ ಇಲ್ಲದೆ ಬಿಡುತ್ತಾನೆಯೇ? ಅವರ ಮನೆಗೆ ಅಂದು ಬಂದವರು ಯಾರು?

ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಬರುವಾಗ ಅವರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, “ಕಾಕಾ, ಏನು ಮಾಡುವುದೆಂದು ತೋಚುತ್ತಿಲ್ಲ” ಎಂದರು. ನಾನು ಗಂಭೀರವಾಗಿ, “ಅಲ್ಲಾಹನ ಮೇಲೆ ತವಕ್ಕುಲ್ ಇಡಮ್ಮ, ಅವನು ದಾರಿ ತೋರಿಸುತ್ತಾನೆ” ಎಂದು ಹೇಳಿ ಮನೆಗೆ ಬಂದು ಊಟಕ್ಕೆ ಕುಳಿತೆ. ಅಂದು ನಮ್ಮಲ್ಲಿ ನೆಯ್ಚೋರು, ಮಾಂಸದ ಸಾರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಹೇಳಿ ಮನೆಗೆ ನಡೆದುಬಿಟ್ಟೆನಲ್ಲ, ಅದು ತಪ್ಪಾಗಿತ್ತು.

ನೋವು ಅವಿಶ್ವಾಸವಲ್ಲ

ಹ. ಮರ್ಯಮ್(ಅ) ಜನಿಸುವ ಮೊದಲೇ ಅವರ ತಾಯಿ ತನ್ನ ಗರ್ಭದ ಶಿಶುವನ್ನು ಅಲ್ಲಾಹನ ಸೇವೆಗೆ ಹರಕೆ ಹೊತ್ತಿದ್ದರು. ಬೆಳೆಯುತ್ತಿದ್ದಂತೆ ಅವರ ದಿನಗಳು ಮಿಹ್ರಾಬ್‌ನಲ್ಲಿ ಆರಾಧನೆಯಲ್ಲಿ ಕಳೆದವು. ಪೋಷಕರಾಗಿದ್ದ ಹ. ಝಕರಿಯ್ಯಾ(ಅ) ಅಲ್ಲಿಗೆ ಹೋದಾಗಲೆಲ್ಲ ಅವರ ಬಳಿ ಆಹಾರ ಇರುತ್ತಿತ್ತು. ಎಲ್ಲಿಂದ ಬಂತೆಂದು ಕೇಳಿದರೆ, ಅಲ್ಲಾಹನ ಕಡೆಯಿಂದ ಎಂದು ಆ ಬಾಲೆ ಉತ್ತರಿಸುತ್ತಿದ್ದರು (ಆಲಿ ಇಮ್ರಾನ್: 37). ಮುಂದೆ ಬರಲಿದ್ದ ಕಠಿಣ ದಿನಕ್ಕೆ ಬೇಕಾದ ವಿಶ್ವಾಸವು ಯಾರೂ ನೋಡದ ಈ ಶಾಂತ ದಿನಗಳಲ್ಲಿ ಸಿದ್ಧವಾಯಿತು. ಐದು ಹೊತ್ತಿನ ನಮಾಝನ್ನು ಸುಖದ ಕಾಲದಲ್ಲಿ ಹಗುರವಾಗಿ ಕಾಣುವವನು ಕಷ್ಟ ಬಂದ ರಾತ್ರಿ ಥಟ್ಟನೆ ಭರವಸೆಯನ್ನು ಎಲ್ಲಿಂದ ತಂದಾನು?

ಆ ಕಠಿಣ ದಿನ ಬಂತು. ಪುರುಷ ಸ್ಪರ್ಶವಿಲ್ಲದೆ ಅಲ್ಲಾಹನ ಆಜ್ಞೆಯಿಂದ ಗರ್ಭಿಣಿಯಾದ ಆ ಪರಿಶುದ್ಧೆಯು ಜನರಿಂದ ದೂರ ಸರಿದರು. ಪ್ರಸವ ವೇದನೆ ಅವರನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸಿತು. ಸೂಲಗಿತ್ತಿಯಿಲ್ಲ, ತಾಯಿಯಿಲ್ಲ, ತಲೆ ಸವರುವ ಕೈಯೊಂದಿಲ್ಲ. ಇದಕ್ಕಿಂತ ಮುಂಚೆಯೇ ಸತ್ತು ಎಲ್ಲರ ನೆನಪಿನಿಂದ ಅಳಿದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ಆಗ ನೊಂದು ನುಡಿದರೆಂದು ಕುರ್‌ಆನ್ ತಿಳಿಸುತ್ತದೆ (ಮರ್ಯಮ್: 23).

ಈ ಮಾತನ್ನು ಅಲ್ಲಾಹನು ಮುಚ್ಚಿಡಲಿಲ್ಲ. ಅದಕ್ಕಾಗಿ ಅವರನ್ನು ಗದರಿಸಲೂ ಇಲ್ಲ. ಪ್ರತಿಯಾಗಿ ಬಂದದ್ದು ದುಃಖಿಸಬೇಡ ಎಂಬ ಸಾಂತ್ವನ. ಇಂದು ನಮ್ಮಲ್ಲಿ ಯಾರಾದರೂ ಸಂಕಟದಿಂದ, ಬದುಕು ಸಾಕಾಯಿತು ಎಂದರೆ ಕೂಡಲೇ ನಾವು ಅವರ ಈಮಾನನ್ನು ತೂಗಲು ತಕ್ಕಡಿ ಹಿಡಿಯುತ್ತೇವೆ. ಅಲ್ಲಾಹನು ಸಂತೈಸಿದ ಕಡೆ ನಾವು ತೀರ್ಪು ಕೊಡುತ್ತೇವೆ! ಜೀವ ತೆಗೆದುಕೊಳ್ಳುವುದು ನಿಷಿದ್ಧ, ನಿಜ. ಆದ್ದರಿಂದಲೇ ಆ ಮಾತು ಕೇಳಿಸಿಕೊಂಡವನು ಅಲ್ಲಿಂದ ಏಳಬಾರದು, ಪಕ್ಕದಲ್ಲಿ ಕುಳಿತುಕೊಳ್ಳಬೇಕು.

ಕೈ ಚಾಚಬೇಕು

ಸಾಂತ್ವನದ ಜೊತೆಗೆ ಎರಡು ಕೊಡುಗೆಗಳು ಬಂದವು. ಒಂದು, ಅವರ ಕೆಳಭಾಗದಲ್ಲಿ ಹರಿದ ನೀರಿನ ಝರಿ. ಅದಕ್ಕಾಗಿ ಅವರೇನೂ ಮಾಡಬೇಕಾಗಿರಲಿಲ್ಲ. ಇನ್ನೊಂದು, ತಾಜಾ ಖರ್ಜೂರ. ಅದಕ್ಕೆ ಮಾತ್ರ ಮರದ ಕಾಂಡವನ್ನು ತನ್ನೆಡೆಗೆ ಅಲುಗಿಸಬೇಕೆಂಬ ಆಜ್ಞೆ ಬಂತು.

ಸ್ವಲ್ಪ ಯೋಚಿಸಿ ನೋಡಿ. ಖರ್ಜೂರದ ಮರದ ಕಾಂಡವನ್ನು ಗಟ್ಟಿಮುಟ್ಟಾದ ಗಂಡಸು ತಬ್ಬಿ ಅಲುಗಿಸಿದರೂ ಒಂದು ಹಣ್ಣು ಉದುರುವುದು ಕಷ್ಟ. ಹೆರಿಗೆಯ ಬಳಲಿಕೆಯಲ್ಲಿರುವ ಹೆಣ್ಣಿನ ಕೈಗೆ ಎಷ್ಟು ಬಲವಿದ್ದೀತು? ಮಿಹ್ರಾಬ್‌ನಲ್ಲಿ ಕೇಳದೆಯೇ ಆಹಾರ ಒದಗಿಸಿದ ಅಲ್ಲಾಹನಿಗೆ ಇಲ್ಲಿ ನಾಲ್ಕು ಹಣ್ಣು ಉದುರಿಸುವುದು ಕಷ್ಟವಾಗಿತ್ತೇ? ಖಂಡಿತ ಇಲ್ಲ. ಹಣ್ಣು ಬಿದ್ದದ್ದು ಅವರ ತೋಳಿನ ಬಲದಿಂದಲ್ಲ, ಅಲ್ಲಾಹನ ಕರುಣೆಯಿಂದ. ಆದರೂ ಕೈ ಚಾಚಲು ಹೇಳಲಾಯಿತು. ನಮ್ಮ ಪಾಲಿನ ಕೆಲಸ ಎಷ್ಟು ಚಿಕ್ಕದಾಗಿದ್ದರೂ ಅದನ್ನು ಮಾಡಿಯೇ ಫಲವನ್ನು ಅವನಿಗೆ ಒಪ್ಪಿಸುವುದು ತವಕ್ಕುಲ್.

ಪ್ರವಾದಿ(ಸ) ಕಲಿಸಿದ್ದೂ ಇದನ್ನೇ. ಒಂಟೆಯನ್ನು ಕಟ್ಟಿ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ ಎಂದು ಕೇಳಿದವನಿಗೆ, ಮೊದಲು ಕಟ್ಟಿಹಾಕಿ ಅನಂತರ ಭರವಸೆ ಇಡಲು ಹೇಳಿದರು. ಅಲ್ಲಾಹನ ಮೇಲೆ ನಿಜವಾದ ಭರವಸೆಯುಳ್ಳವರಿಗೆ ಹಕ್ಕಿಗಳಿಗೆ ಸಿಗುವಂತೆ ಆಹಾರ ಸಿಗುವುದೆಂದೂ ಅವರು ಹೇಳಿದ್ದಾರೆ. ಆ ಹಕ್ಕಿ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಗೂಡು ಬಿಟ್ಟು ಹೊರಡುತ್ತದೆ ಎಂಬುದನ್ನು ಮರೆಯದಿರೋಣ.

ಇಲ್ಲಿ ಇನ್ನೊಂದು ಮಾತಿದೆ. ಯಾವ ಮರವನ್ನು ಅಲುಗಿಸಬೇಕು? ಕಷ್ಟದಲ್ಲಿರುವವರ ಬಾಗಿಲಿಗೆ ಮೀಟರ್ ಬಡ್ಡಿಯವನು ಎಲ್ಲರಿಗಿಂತ ಮೊದಲು ಬರುತ್ತಾನೆ. ಕಣಿ ಹೇಳುವವನು ಅವನ ಹಿಂದೆಯೇ ಬರುತ್ತಾನೆ. ನಾನು ಹೇಳಿದ ಆ ಸಹೋದರಿಯ ಮನೆಗೂ ಇಬ್ಬರೂ ಬಂದಿದ್ದರು. ಹಲಾಲ್ ಅಲ್ಲದ ಮರದ ಹಣ್ಣು ಬೇಗ ಉದುರುತ್ತದೆ. ಕೈಗೆಟುಕುವಷ್ಟು ಹತ್ತಿರದಲ್ಲಿರುವ ಆ ಮರವನ್ನು ಬಿಟ್ಟು, ಅಲುಗದಂತೆ ತೋರುವ ಹಲಾಲಿನ ಮರಕ್ಕೆ ಕೈ ಹಚ್ಚುವಲ್ಲಿ ಸತ್ಯವಿಶ್ವಾಸಿಯ ಪರೀಕ್ಷೆ ಇದೆ. ಅಂಗಡಿಯ ತೂಕದಲ್ಲಿ, ಕಚೇರಿಯ ಮೇಜಿನ ಕೆಳಗೆ, ಮದುವೆಯ ಮಾತುಕತೆಯಲ್ಲಿ ವರದಕ್ಷಿಣೆ ಎಂಬ ಶಬ್ದ ಬರುವ ಹೊತ್ತಿನಲ್ಲಿ ಈ ಪರೀಕ್ಷೆ ಪ್ರತಿದಿನ ನಡೆಯುತ್ತಿದೆ. ಅನ್ನದಾತನು ಅಲ್ಲಾಹನೆಂದು ನಾಲಗೆಯಲ್ಲಿ ಹೇಳಿ, ಲಂಚವಿಲ್ಲದೆ ಮಕ್ಕಳನ್ನು ಸಾಕುವುದು ಹೇಗೆ ಎಂದು ಕೇಳುವವನ ಭರವಸೆ ನಿಜಕ್ಕೂ ಯಾರ ಮೇಲಿದೆ?

ನಾಲಗೆಯ ಉಪವಾಸ

ಹಸಿವೆ ತಣಿಯಿತು. ಆದರೆ ಮಗುವನ್ನೆತ್ತಿಕೊಂಡು ಊರಿಗೆ ಮರಳಬೇಕಿತ್ತು. ಊರು ಏನೆನ್ನುವುದೆಂದು ಅವರಿಗೆ ಗೊತ್ತಿತ್ತು. ಯಾರನ್ನಾದರೂ ಕಂಡರೆ, ತಾನು ಪರಮ ದಯಾಮಯನಿಗಾಗಿ ವ್ರತ ಹೊತ್ತಿರುವೆನು, ಇಂದು ಯಾರೊಂದಿಗೂ ಮಾತನಾಡಲಾರೆನು ಎಂದು ತಿಳಿಸುವಂತೆ ಅವರಿಗೆ ಆಜ್ಞೆಯಾಗಿತ್ತು. ಜನರು ಅವರ ತಂದೆತಾಯಿಯ ಹೆಸರೆತ್ತಿ ಚುಚ್ಚಿದರು. ಅವರು ವಾದಿಸಲಿಲ್ಲ, ಅಳುತ್ತಾ ಆಣೆ ಹಾಕಲಿಲ್ಲ, ಮಗುವಿನತ್ತ ಬೆರಳು ತೋರಿಸಿದರು ಅಷ್ಟೆ. ತೊಟ್ಟಿಲ ಶಿಶುವಿನ ಬಾಯಿಂದ ಅಲ್ಲಾಹನೇ ಉತ್ತರ ಕೊಡಿಸಿದನು.

ಎಲ್ಲ ಆರೋಪಕ್ಕೂ ತಕ್ಷಣ ಉತ್ತರ ಬರುವುದಿಲ್ಲ. ಹ. ಆಯಿಶಾ(ರ) ಅವರ ಮೇಲೆ ಕಪಟಿಗಳು ಅಪವಾದ ಹೊರಿಸಿದಾಗ ಅವರ ನಿರ್ದೋಷಿತ್ವವನ್ನು ಸಾರುವ ಸೂಕ್ತಗಳು ಅವತೀರ್ಣವಾಗಲು ಸುಮಾರು ಒಂದು ತಿಂಗಳು ಬೇಕಾಯಿತು. ಪ್ರವಾದಿ ಪತ್ನಿಗೇ ಅಷ್ಟು ದಿನ ಕಣ್ಣೀರಿನಲ್ಲಿ ಕಾಯಬೇಕಾಯಿತು. ಕೆಲವರಿಗೆ ಆ ಉತ್ತರ ಪರಲೋಕದಲ್ಲಿಯೇ ಸಿಗಬಹುದು. ಆದರೆ ಸಿಗದೆ ಹೋಗದು.

ಆರೋಪ ಹೊರಿಸುವ ನಾಲಗೆಗಳಿಗೂ ಇಲ್ಲಿ ಒಂದು ಪಾಠವಿದೆ. ಪರಿಶುದ್ಧ ಸ್ತ್ರೀಯ ಮೇಲೆ ಅಪವಾದ ಹೊರಿಸಿ ನಾಲ್ಕು ಸಾಕ್ಷಿ ತಾರದವನಿಗೆ ಕುರ್‌ಆನ್ 80 ಛಡಿಯೇಟಿನ ಶಿಕ್ಷೆ ವಿಧಿಸಿದೆ. ಅವನ ಸಾಕ್ಷ್ಯವನ್ನು ಮುಂದೆಂದೂ ಸ್ವೀಕರಿಸಬಾರದೆಂದಿದೆ (ಅನ್ನೂರ್: 4). ಹ. ಮರ್ಯಮರ ಮೇಲೆ ಹೊರಿಸಿದ ಸುಳ್ಳನ್ನು ಮಹಾ ಅಪರಾಧಗಳ ಸಾಲಿನಲ್ಲಿಟ್ಟಿದೆ (ಅನ್ನಿಸಾ: 156). ನಾವು ಹ. ಮರ್ಯಮರ ಹೆಸರನ್ನು ಮಗಳಿಗೆ ಇಟ್ಟು ಸಂತೋಷ ಪಡುತ್ತೇವೆ. ಸಂಜೆ ಜಗಲಿಯಲ್ಲಿ ಕುಳಿತು ಇನ್ನೊಬ್ಬರ ಮಗಳಿಗೆ ಅವರ ಊರಿನವರು ಮಾಡಿದ್ದನ್ನೇ ಮಾಡುತ್ತೇವೆ.

ಝಕರಿಯ್ಯಾ ಎಲ್ಲಿದ್ದಾರೆ?

ಎಳೆಯ ಮರ್ಯಮರ ಪೋಷಣೆ ಯಾರಿಗೆ ಸೇರಬೇಕೆಂದು ಆ ಕಾಲದ ಧರ್ಮಸೇವಕರ ನಡುವೆ ಪೈಪೋಟಿ ನಡೆದಿತ್ತು. ಅವರು ತಮ್ಮ ಲೇಖನಿಗಳನ್ನು ಎಸೆದು ಚೀಟಿ ಎತ್ತುವಂತೆ ಅದನ್ನು ನಿರ್ಧರಿಸಿದರೆಂದು ಕುರ್‌ಆನ್ ಹೇಳುತ್ತದೆ (ಆಲಿ ಇಮ್ರಾನ್: 44). ಒಂದು ಹೆಣ್ಣುಮಗುವಿನ ಹೊಣೆ ತನಗೇ ಬರಲೆಂದು ಅವರು ಸ್ಪರ್ಧಿಸಿದರು. ಇಂದು ನಮ್ಮ ಮೊಹಲ್ಲಾದಲ್ಲಿ ಅಂಥ ಒಂದು ಹೊಣೆ ಬಂದರೆ, ಅದು ತನಗೆ ಬಾರದಿರಲೆಂದು ಚೀಟಿ ಎತ್ತಬೇಕಾದೀತು.

ಆ ಸಹೋದರಿಗೆ ಕೊನೆಗೆ ಕೈಕೊಟ್ಟವರು ಯಾರೆಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಪಕ್ಕದ ಮನೆಯ ಒಬ್ಬ ಕ್ರೈಸ್ತ ವೃದ್ಧೆ. ಬೀದಿಯವರೆಲ್ಲ ಅವರನ್ನು ಬಾಯಿ ಎಂದು ಕರೆಯುತ್ತಿದ್ದೆವು. ವಿಧವೆ, ಮಕ್ಕಳು ದೂರದ ಊರಿನಲ್ಲಿ. ಪ್ರತಿದಿನ ಸಂಜೆ ಅವರ ಮನೆಯಿಂದ ತೇರ್ಸಿನ ಪ್ರಾರ್ಥನೆಯ ಧ್ವನಿ ಕೇಳುತ್ತಿತ್ತು. ಒಂದು ಸಂಜೆ ಪ್ರಾರ್ಥನೆ ಮುಗಿಸಿ ಅವರು ಬಂದು, “ಮಗಾ, ನನ್ನ ಹೊಲಿಗೆ ಮೆಷಿನ್ ಸುಮ್ಮನೆ ತುಕ್ಕು ಹಿಡಿಯುತ್ತಿದೆ. ಕಣ್ಣು ಕಾಣದ ನನಗೆ ಅದು ಯಾಕೆ?” ಎಂದು ಹೇಳಿ ಮೆಷಿನನ್ನು ಕೊಟ್ಟರು. ಹೊಲಿಯಲು ಕಲಿಸಿಯೂ ಕೊಟ್ಟರು. ಗಂಡನ ಬಗ್ಗೆ ಅವರು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ.

ವರ್ಷಗಳ ನಂತರ ನಾನು ಆ ಸಹೋದರಿಯೊಡನೆ, “ನಿನ್ನ ತವಕ್ಕುಲ್ ದೊಡ್ಡದಮ್ಮ” ಎಂದೆ. ಅವರು ತಲೆಯೆತ್ತದೆ ಬಟ್ಟೆ ಕತ್ತರಿಸುತ್ತಲೇ ಹೇಳಿದರು: “ಹಾಗೆ ಹೇಳಬೇಡಿ ಕಾಕಾ. ಎಷ್ಟೋ ರಾತ್ರಿ ಸಾಯಬೇಕು ಅನಿಸಿತ್ತು. ಬೆಳಿಗ್ಗೆ ಸುಬ್ಹ್ ನಮಾಝ್ ಮಾಡಿ ಒಂದು ರವಿಕೆ ಹೊಲಿಯುತ್ತಿದ್ದೆ. ನಾನು ಮಾಡಿದ್ದು ಅಷ್ಟೇ.”

ಗಂಡ ಇಂದಿಗೂ ಬಂದಿಲ್ಲ. ಮಕ್ಕಳು ದೊಡ್ಡವರಾಗಿ ದುಡಿಯುತ್ತಿದ್ದಾರೆ. ಬಡ್ಡಿಯ ಒಂದು ಕಾಸೂ ಆ ಮನೆಯ ಹೊಸ್ತಿಲು ದಾಟಲಿಲ್ಲ. ಅಲ್ಲಾಹನ ಮೇಲೆ ಭರವಸೆ ಇಟ್ಟರೆ ಕೇಳಿದ್ದೆಲ್ಲ ಸಿಗುತ್ತದೆ ಎಂದು ನಾನು ನಿಮಗೆ ಹೇಳಲಾರೆ. ಅವನ ದಾರಿ ಬಿಡದವರನ್ನು ಅವನು ಕೈಬಿಡುವುದಿಲ್ಲ, ಅಷ್ಟನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ನಜ್ಜಾಶಿಯ ಸಭೆಯಲ್ಲಿ

ಕ್ರೈಸ್ತರ ಬಾಗಿಲಲ್ಲಿ ಮುಸ್ಲಿಮರಿಗೆ ನೆರಳು ಸಿಕ್ಕಿದ್ದು ಇದೇ ಮೊದಲಲ್ಲ. ಕ್ರಿ.ಶ. 615ರಲ್ಲಿ ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರು ಅಬಿಸೀನಿಯಾಕ್ಕೆ ಹಿಜ್‌ರತ್ ಆರಂಭಿಸಿದರು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ಅವರಿಗೆ ಆಶ್ರಯವಿತ್ತರು. ಅವರನ್ನು ಹಿಂದಕ್ಕೆ ಪಡೆಯಲು ಕುರೈಶರು ಕಾಣಿಕೆಗಳೊಂದಿಗೆ ದೂತರನ್ನು ಅಟ್ಟಿದರು. ಹ. ಜಅ್‌ಫರ್(ರ) ದೊರೆಯ ಮುಂದೆ ಮರ್ಯಮ್ ಅಧ್ಯಾಯದ ಆರಂಭದ ಸೂಕ್ತಗಳನ್ನು ಓದಿದಾಗ ದೊರೆಯ ಗಡ್ಡ ಕಣ್ಣೀರಿನಿಂದ ಒದ್ದೆಯಾಯಿತು.

ನಿಜವಾದ ಪರೀಕ್ಷೆ ಬಂದದ್ದು ಮರುದಿನ. ಇವರು ಈಸಾ(ಅ)ರ ಬಗ್ಗೆ ಏನು ಹೇಳುತ್ತಾರೆಂದು ಕೇಳಿ ನೋಡಿ ಎಂದು ದೂತನು ದೊರೆಗೆ ಚುಚ್ಚಿಕೊಟ್ಟನು. ಪರದೇಶ, ಕ್ರೈಸ್ತ ದೊರೆ, ಸುತ್ತ ಅವರ ಧರ್ಮಗುರುಗಳು. ಒಂದು ನಯವಾದ ಸುಳ್ಳು ಸಾಕಾಗಿತ್ತು. ಆ ನಿರಾಶ್ರಿತರು ತಮ್ಮೊಳಗೆ ಸಮಾಲೋಚಿಸಿ, ಏನೇ ಆಗಲಿ, ಅಲ್ಲಾಹನು ಹೇಳಿದ್ದನ್ನೇ ಹೇಳುವುದೆಂದು ತೀರ್ಮಾನಿಸಿದರು. ಅಂತೆಯೇ ಈಸಾ(ಅ) ಅಲ್ಲಾಹನ ದಾಸರು, ಅವನ ಸಂದೇಶವಾಹಕರು, ಕನ್ಯೆ ಮರ್ಯಮರಿಗೆ ಅವನು ದಯಪಾಲಿಸಿದ ವಚನ ಎಂದು ನಿರ್ಭಯವಾಗಿ ಹೇಳಿದರು. ಧರ್ಮಗುರುಗಳು ಗೊಣಗಿದರೂ ದೊರೆ ಕದಲಲಿಲ್ಲ. ಕಾಣಿಕೆಗಳನ್ನು ಹಿಂದಿರುಗಿಸಿ ಮುಸ್ಲಿಮರಿಗೆ ಅಭಯವಿತ್ತರು. ಅಂದು ಅಲ್ಲಿದ್ದ ಹ. ಉಮ್ಮು ಸಲಮಾ(ರ) ಈ ಘಟನೆಯನ್ನು ವರದಿ ಮಾಡಿದ್ದಾರೆ. ಮುಸ್ಲಿಮರ ಪಾಲಿನ ಕೆಲಸ ಸತ್ಯ ಹೇಳುವುದಾಗಿತ್ತು. ದೊರೆಯ ಹೃದಯವನ್ನು ತಿರುಗಿಸುವುದು ಅಲ್ಲಾಹನ ಕೆಲಸವಾಗಿತ್ತು.

ಸಹೋದರ ಸಹೋದರಿಯರೇ, ಇಂದು ನಿಮ್ಮ ಮುಂದೆಯೂ ಅಲುಗದ ಒಂದು ಮರ ಇರಬಹುದು. ತೀರದ ಸಾಲ, ವಾಸಿಯಾಗದ ಕಾಯಿಲೆ, ದಾರಿ ತಪ್ಪಿದ ಮಗ, ಮದುವೆಯಾಗದ ಮಗಳು. ಅಳು ಬಂದರೆ ಅತ್ತುಬಿಡಿ, ಅಲ್ಲಾಹನು ಬೇಸರಿಸುವುದಿಲ್ಲ. ಕಣ್ಣೊರೆಸಿಕೊಂಡು ಕೈ ಚಾಚಿ. ನಿಮ್ಮ ಬೀದಿಯಲ್ಲಿ ಇನ್ನೊಬ್ಬರು ಅಂಥ ಮರದ ಬುಡದಲ್ಲಿ ಕುಳಿತಿದ್ದರೆ ನನ್ನಂತೆ ಉಪದೇಶ ಕೊಟ್ಟು ಊಟಕ್ಕೆ ನಡೆಯಬೇಡಿ. ಅವರ ಕೈಯ ಜೊತೆಗೆ ನಿಮ್ಮದೂ ಒಂದು ಕೈ ಆ ಮರದ ಮೇಲಿರಲಿ.

ಸಂಕಟದಲ್ಲಿ ಸ್ಥಿರತೆಯನ್ನೂ, ಸಂಪಾದನೆಯಲ್ಲಿ ಶುದ್ಧಿಯನ್ನೂ, ನಾಲಗೆಗೆ ಸಂಯಮವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ದಯಪಾಲಿಸಲಿ. ಆಮೀನ್.