ಪುರುಡಿನ ಕೋಣೆ ಮತ್ತು ಬಾಣಂತಿಯ ಮನಸ್ಸು

ಮಗು ಹುಟ್ಟಿದ ಮನೆಗೆ ಹತ್ತೋ ಹನ್ನೊಂದೋ ದಿನ ಪುರುಡು. ಬಾಣಂತಿ ದೇವರ ಕೋಣೆಗೆ ಕಾಲಿಡುವಂತಿಲ್ಲ, ಒಲೆಯ ಹತ್ತಿರವೂ ಸುಳಿಯುವಂತಿಲ್ಲ. ಇದು ಆಕೆಗೆ ಬಿಡುವೋ ಬಹಿಷ್ಕಾರವೋ ಎಂಬುದು ಶಾಸ್ತ್ರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ತವರಿನಲ್ಲಿ ತಾಯಿ ಎಣ್ಣೆ ತಿಕ್ಕಿ ನೀರೆರೆದು, ಸಾಂಬ್ರಾಣಿ ಹೊಗೆ ಹಾಕಿ, ಮಗುವನ್ನು ತಾನೆತ್ತಿಕೊಂಡು ಮಗಳನ್ನು ಮಲಗಿಸಿದರೆ ಆ ಕೋಣೆ ಆಸರೆ. ಹೆಣ್ಣು ಹೆತ್ತಳೆಂದು ಮುಖ ತಿರುಗಿಸಿದವರ ನಡುವೆ ಅದೇ ಕೋಣೆ ಸೆರೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಣಂತಿಯರ ಖಿನ್ನತೆಗೆ ಬಡತನ, ಗಂಡನ ಹಿಂಸೆಗಳ ಜೊತೆಗೆ ಹೆಣ್ಣುಮಗುವಿನ ಜನನವನ್ನೂ ತಳುಕು ಹಾಕಿತ್ತು.

ಧರ್ಮಗಳ ನಿಲುವೂ ಒಂದೇ ಅಲ್ಲ. ಜನನಸೂತಕ ಸೇರಿದಂತೆ ಪಂಚಸೂತಕಗಳನ್ನು ಲಿಂಗಾಯತ ಧರ್ಮ ಒಪ್ಪುವುದಿಲ್ಲ. ಇಸ್ಲಾಮಿನಲ್ಲಿ ನಿಫಾಸಿನ, ಅಂದರೆ ಹೆರಿಗೆಯ ನಂತರದ ರಕ್ತಸ್ರಾವದ ದಿನಗಳಲ್ಲಿ (ಹೆಚ್ಚೆಂದರೆ ನಲವತ್ತು ದಿನವೆಂಬುದು ಹಲವರ ಮತ) ನಮಾಜಿಲ್ಲ. ತಪ್ಪಿದ ನಮಾಜನ್ನು ಆಮೇಲೆ ತೀರಿಸಬೇಕಾಗಿಯೂ ಇಲ್ಲ. ದುವಾಗೆ, ಅಂದರೆ ತನ್ನದೇ ಮಾತಿನ ಮೊರೆಗೆ, ಮಾತ್ರ ತಡೆಯಿಲ್ಲ. ಪ್ರಾರ್ಥನೆಯಲ್ಲೇ ಸಮಾಧಾನ ಕಂಡುಕೊಂಡಿದ್ದವಳಿಗೆ ಈ ವಿವರ ಸಣ್ಣದಲ್ಲ.

ಹೆರಿಗೆಯಾದ ಮೂರನೆಯ ಅಥವಾ ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಖಿನ್ನತೆಯ ಶಂಕೆ. ಅದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಮಾಪಕ ಕನ್ನಡದಲ್ಲೂ ಇದೆ. ಆದರೆ ಬಾಣಂತಿ ‘ಖಿನ್ನತೆ’ ಎನ್ನುವುದಿಲ್ಲ. ಎದೆ ಭಾರ, ನಿದ್ದೆ ಇಲ್ಲ, ಹಾಲು ಇಳಿಯುತ್ತಿಲ್ಲ ಎನ್ನುತ್ತಾಳೆ. ಕೇಳುವವರ ಕಿವಿಗೆ ಇದು ಗೊತ್ತಿರಬೇಕು.

ಇನ್ನು ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ತೀವ್ರ ಮನೋರೋಗವಿದು. ಮನೆಯವರು ಗಾಳಿ ಸೋಕಿತು, ದೃಷ್ಟಿಯಾಯಿತು ಎನ್ನುತ್ತಾರೆ. ‘ಇದು ಹೇಗೆ ಬಂತು’ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ತಕ್ಕಮಟ್ಟಿನ ಉತ್ತರವಿದೆ. ‘ನನಗೇ ಏಕೆ’ ಎಂಬುದಕ್ಕೆ ಇಲ್ಲ. ಎರಡನೆಯದಕ್ಕೆ ಕರ್ಮವನ್ನೋ ದೈವೇಚ್ಛೆಯನ್ನೋ ನೆಚ್ಚಿದವಳ ನಂಬಿಕೆಯನ್ನು ಕಿತ್ತುಕೊಂಡರೆ ರೋಗವೇನೂ ವಾಸಿಯಾಗದು. ತಾಯಿತ ಕೈಯಲ್ಲಿರಲಿ, ಮಾತ್ರೆಯೂ ಹೊಟ್ಟೆಗೆ ಹೋಗಲಿ ಎನ್ನುವ ವೈದ್ಯರೇ ಇಲ್ಲಿ ಗೆಲ್ಲುವವರು. ಈ ಹೊಂದಾಣಿಕೆಗೂ ಮಿತಿಯುಂಟು: ಸನ್ನಿ ತುರ್ತು ಸ್ಥಿತಿ, ಪುರುಡು ಕಳೆಯಲೆಂದು ಅದು ಕಾಯುವುದಿಲ್ಲ. ಬಾಣಂತಿಗೆ ನೀರು ಕೊಡದೆ ಇರಿಸುವ ಪದ್ಧತಿಯನ್ನೂ ಸಂಪ್ರದಾಯವೆಂದು ಗೌರವಿಸಬೇಕಿಲ್ಲ.

ಸಂಪ್ರದಾಯದ ಹೆಸರಿನಲ್ಲಿ ಮಾತಾಡುವವರು ಹೆಚ್ಚಾಗಿ ಅತ್ತೆ ಅಥವಾ ಗಂಡ. ಆದ್ದರಿಂದ ಯಾವ ಆಚರಣೆ ಬೇಕು, ಯಾವುದು ಬೇಡ ಎಂದು ಬಾಣಂತಿಯೊಬ್ಬಳನ್ನೇ ಕೂರಿಸಿಕೊಂಡು ಕೇಳುವುದು ಚಿಕಿತ್ಸೆಯ ಭಾಗವೇ ಆಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾದ ತಾಯಿ-ಮಗು ಘಟಕದಲ್ಲಿ ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರವೂ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಅಪಾಯವಿದೆಯೆಂದು ತಾತ್ಕಾಲಿಕವಾಗಿ ಬೇರ್ಪಡಿಸಿದರೂ, ಮೇಲ್ವಿಚಾರಣೆಯಲ್ಲಿ ಮಗುವನ್ನು ಕಾಣುವ ಅವಕಾಶ ಆಕೆಗೆ ಇರಲೇಬೇಕು.