ನರಾವತಾರ ವಿಚಾರ

ದೇವರು ಮನುಷ್ಯನಾಗಬಲ್ಲನೆ? ಆಗಬಲ್ಲನಾದರೆ ಏತಕ್ಕಾಗಿ ಆದಾನು? ಆದಮೇಲೆ ಅವನು ದೇವರಾಗಿಯೇ ಉಳಿಯುವನೆ? ಈ ಪ್ರಶ್ನೆಗಳು ಕ್ರೈಸ್ತರಿಗೆ ಮಾತ್ರ ಸಂಬಂಧಪಟ್ಟುವೆಂದು ತಿಳಿದು ಸುಮ್ಮನಾಗುವವರು ಬಹುಮಂದಿ. ಆದರೆ ದಕ್ಷಿಣ ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಇವು ಅಪರಿಚಿತವಾದ ಪ್ರಶ್ನೆಗಳಲ್ಲ. ಬಂಟ್ವಾಳದಿಂದ ಮೂಡಲಿಗೆ ಹೋಗುವ ಹೆದ್ದಾರಿಯು ಮಾಣಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಪುತ್ತೂರು ಮಡಿಕೇರಿಗಳ ಮೇಲೆ ಮೈಸೂರಿಗೂ, ಇನ್ನೊಂದು ಉಪ್ಪಿನಂಗಡಿ ಶಿರಾಡಿಗಳ ಮೇಲೆ ಬೆಂಗಳೂರಿಗೂ ಸಾಗುತ್ತವೆ. ಆ ಮಾಣಿಯ ಸುತ್ತಣ ಸೀಮೆಯಲ್ಲಿ, ದೇವರಿಗೂ ಮನುಷ್ಯನಿಗೂ ಇರುವ ನಂಟು ಎಂತಹದೆಂಬ ಪ್ರಶ್ನೆಗೆ ನಾಲ್ಕು ಬಗೆಯ ಉತ್ತರಗಳು ಶತಮಾನಗಳಿಂದ ನೆರೆಹೊರೆಯಾಗಿ ಬಾಳಿಕೊಂಡು ಬಂದಿವೆ. ಅವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಲ್ಲದೆ ಕ್ರೈಸ್ತರ ನಂಬಿಕೆಯ ವಿಶೇಷವು ತಿಳಿಯದು.

ಮೊದಲನೆಯದು ಆವೇಶ. ಮಾಣಿ, ಅನಂತಾಡಿ ಮೊದಲಾದ ಗ್ರಾಮಗಳಲ್ಲಿ ಉಳ್ಳಾಲ್ತಿಯ ಆರಾಧನೆಯುಂಟು. ತುಳುನಾಡಿನ ಊರೂರುಗಳಲ್ಲಿ ದೈವಗಳ ಕೋಲ ನೇಮಗಳುಂಟು. ನೇಮದ ರಾತ್ರಿ ದೈವವು ಪಂಬದನ, ಪರವನ ಅಥವಾ ನಲಿಕೆಯವನ ಮೈಮೇಲೆ ಬಂದು ಅವನ ಬಾಯಿಂದ ನುಡಿಗೊಡುತ್ತದೆ. ಗುತ್ತಿನ ಯಜಮಾನನು ಅವನ ಮುಂದೆ ಕೈಮುಗಿದು ನಿಲ್ಲುತ್ತಾನೆ. ಬೆಳಗಾಗಿ ಅಣಿಯನ್ನಿಳಿಸಿ ಬಣ್ಣ ತೊಳೆದಮೇಲೆ ಅವನು ಮೊದಲಿನ ಮನುಷ್ಯನೇ ಸರಿ. ರಾತ್ರಿ ಕೈಮುಗಿಸಿಕೊಂಡವನು ಹಗಲಲ್ಲಿ ಮನೆಯ ಅಂಗಳದಾಚೆ ನಿಲ್ಲಬೇಕಾಗಿದ್ದ ಕಾಲವೂ ಇತ್ತು. ಇಲ್ಲಿ ದೈವವು ಮನುಷ್ಯನಲ್ಲಿ ಬಂದಿತೇ ಹೊರತು ಮನುಷ್ಯನಾಗಲಿಲ್ಲ.

ಎರಡನೆಯದು ಸಿದ್ಧಿ. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯೂ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನೂ ಈ ಉತ್ತರದ ಸಾಕ್ಷಿಗಳು. ಜೈನದರ್ಶನದಲ್ಲಿ ಜಗತ್ತನ್ನು ಸೃಜಿಸಿದ ಒಡೆಯನಿಲ್ಲ. ಆದುದರಿಂದ ಇಳಿದು ಬರಬೇಕಾದವನೂ ಇಲ್ಲ. ಮನುಷ್ಯನೇ ತಪಸ್ಸಿನಿಂದ ಕರ್ಮವನ್ನು ಕಳೆದು ಮೇಲೇರುತ್ತಾನೆ. ಒಬ್ಬನ ಕರ್ಮವನ್ನು ಇನ್ನೊಬ್ಬನು ಹೊರಲಾರನು. ಈ ಮಾತಿನಲ್ಲಿ ಕಾಠಿಣ್ಯವಿದೆಯಾದರೂ ಮನುಷ್ಯನ ಹೊಣೆಗೆ ಇದಕ್ಕಿಂತ ಮಿಗಿಲಾದ ಗೌರವವನ್ನು ಕೊಡುವುದು ಕಷ್ಟ.

ಮೂರನೆಯದು ಅವತಾರ. ಧರ್ಮಕ್ಕೆ ಗ್ಲಾನಿಯುಂಟಾದಾಗಲೆಲ್ಲ ಭಗವಂತನು ಅವತರಿಸುವನೆಂದು ಗೀತೆಯ ನಾಲ್ಕನೆಯ ಅಧ್ಯಾಯವು ಸಾರುತ್ತದೆ. ಆದರೆ ಆ ಅವತಾರದ ದೇಹವೆಂತಹದು? ಅದು ಶುದ್ಧಸತ್ತ್ವಮಯವಾದುದೆಂದು ರಾಮಾನುಜರ ಮತ. ಅದು ಪ್ರಾಕೃತವೇ ಅಲ್ಲ, ಜ್ಞಾನಾನಂದಮಯವಾದುದೆಂದು ಉಡುಪಿಯ ಶ್ರೀ ಮಧ್ವಾಚಾರ್ಯರ ಸಿದ್ಧಾಂತ. ಸೀತೆಯನ್ನು ಕಳೆದುಕೊಂಡ ರಾಮನು ಅತ್ತುದು ಲೋಕವಿಡಂಬನೆಯೇ ಹೊರತು ನಿಜವಾದ ದುಃಖವಲ್ಲವೆಂದು ಆಚಾರ್ಯರು ನಿರ್ಣಯಿಸಿದರು. ಇದರಲ್ಲಿ ಅಡಗಿದ ಕಾಳಜಿಯನ್ನು ಲಘುವಾಗಿ ಕಾಣಬಾರದು. ದುಃಖಕ್ಕೆ ಸಿಕ್ಕುವ ದೇವರು ದುಃಖದಿಂದ ಪಾರುಮಾಡುವುದೆಂತು?

ನಾಲ್ಕನೆಯದು ಕ್ರೈಸ್ತರ ಉತ್ತರ. ಗೋವೆಯ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಕಥೋಲಿಕರ ಮನೆತನಗಳೂ, ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಸಭೆಗಳೂ, ಬೆಳ್ತಂಗಡಿಯ ಕಡೆ ಮಲೆಯಾಳ ದೇಶದಿಂದ ಬಂದು ನೆಲೆಗೊಂಡ ಸಿರಿಯ ಸಂಪ್ರದಾಯದವರೂ ಹೇಳುವ ಮಾತು ಈ ಒಂದು ವಿಷಯದಲ್ಲಿ ಒಂದೇ. ದೇವರು ಮನುಷ್ಯನಲ್ಲಿ ಬಂದನೆಂದಲ್ಲ, ಮನುಷ್ಯನಂತೆ ತೋರಿದನೆಂದಲ್ಲ, ಮನುಷ್ಯನು ದೇವರಾದನೆಂದೂ ಅಲ್ಲ. ದೇವರು ಮನುಷ್ಯನಾದನು ಎಂದು.

ಈ ಮಾತನ್ನು ಈ ದೇಶದ ನುಡಿಗಳಲ್ಲಿ ಹೇಳುವುದು ಸುಲಭವಾಗಿರಲಿಲ್ಲ. ೧೬೧೬ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ತೋಮಸ್ ಸ್ಟೀಫನ್ಸ್ ಪಾದ್ರಿಯ ಕ್ರಿಸ್ತಪುರಾಣವು ಹತ್ತು ಸಾವಿರಕ್ಕೂ ಮೀರಿದ ಮರಾಠಿ ಓವಿಗಳಲ್ಲಿ ಈ ಕಥೆಯನ್ನು ಹೇಳಿತು. ಅದರಲ್ಲಿ ಸ್ವರ್ಗಕ್ಕೆ ವೈಕುಂಠವೆಂಬ ಹೆಸರೇ ಬಂದಿದೆ. ಮಂಗಳೂರಿನಲ್ಲಿ ಅದು ೧೯೦೭ರಲ್ಲಿ ಮರಳಿ ಅಚ್ಚಾಯಿತು. ನಿಘಂಟಿನ ಕಿಟ್ಟೆಲ್ ಪಂಡಿತರು ೧೮೬೨ರ ತಮ್ಮ ಕಥಾಮಾಲೆಯಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿದರು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯವನ್ನು ಕನ್ನಡಿಸಿದವರು 'ನರಾವತಾರ' ಎಂಬ ಪದವನ್ನು ಬಳಸಿದರು. ಗ್ರೀಕಿನ ಮೂಲದಲ್ಲಿರುವುದಾದರೋ ಬರಿಯ 'ಮಾಂಸ' ಎಂಬ ಒರಟು ಶಬ್ದ. ಅವತಾರವೆಂದರೆ ಕನ್ನಡಿಗನಿಗೆ ತಟ್ಟನೆ ತಿಳಿಯುತ್ತದೆ. ಆದರೆ ತಿಳಿದುದು ಮಧ್ವರ ಅವತಾರವೇ ಹೊರತು ಯೋಹಾನನದಲ್ಲ. ಮಾಂಸವೆಂದರೆ ಅರ್ಥವು ನಿಷ್ಠವಾಗಿರುತ್ತದೆ. ಆದರೆ ಕೇಳಿದವನು ಮುಖ ತಿರುಗಿಸುತ್ತಾನೆ. ಈ ಇಕ್ಕಟ್ಟು ಕೇವಲ ಭಾಷಾಂತರದ್ದಲ್ಲ, ತತ್ತ್ವದ್ದೇ ಆಗಿದೆ.

ಭೇದವನ್ನು ಸ್ಪಷ್ಟಪಡಿಸಲು ಎರಡು ಶಿಶುಗಳನ್ನು ನೆನೆದರೆ ಸಾಕು. ಉಡುಪಿಯಲ್ಲಿ ಕಡೆಗೋಲು ಹಿಡಿದ ಬಾಲಕೃಷ್ಣನಿದ್ದಾನೆ; ಬಂಟ್ವಾಳದ ಮೊಡಂಕಾಪಿನ ಇಗರ್ಜಿಯು ಬಾಲಯೇಸುವಿನ ಹೆಸರಿನದು. ಕೃಷ್ಣನು ಬಾಯಿ ತೆರೆದಾಗ ಯಶೋದೆಗೆ ಬ್ರಹ್ಮಾಂಡವೇ ಕಾಣಿಸಿತು. ಆ ಶೈಶವವು ಈಶ್ವರತ್ವದ ಮೇಲಿನ ತೆಳುವಾದ ತೆರೆ. ಯೇಸುವೆಂಬ ಶಿಶುವಿನ ಬಾಯಲ್ಲಿ ಮರಿಯಳಿಗೆ ಏನೂ ಕಾಣಿಸಲಿಲ್ಲ. ಅವನು ವಯಸ್ಸಿನಲ್ಲಿಯೂ ಜ್ಞಾನದಲ್ಲಿಯೂ ಬೆಳೆದನೆಂದು ಲೂಕನು ಬರೆದಿದ್ದಾನೆ. ಎಂದರೆ ಕಲಿಯಬೇಕಾದುದು ಅವನಿಗೂ ಇತ್ತು. ಅವನಿಗೆ ಹಸಿವಾಯಿತು, ಸಮಾರ್ಯದ ಬಾವಿಯ ಬಳಿ ದಣಿದು ಕುಳಿತು ನೀರು ಬೇಡಿದನು, ಗೆಳೆಯನ ಗೋರಿಯ ಮುಂದೆ ಅತ್ತನು, ಸಾವನ್ನು ನೆನೆದು ನಡುಗಿದನು, ರೋಮನ್ ಅಧಿಪತಿ ಪಿಲಾತನ ಆಜ್ಞೆಯಂತೆ ಅಪರಾಧಿಗಳ ಮರಣವನ್ನು ಹೊಂದಿದನು. ಇದೆಲ್ಲ ವಿಡಂಬನೆಯೆಂದರೆ ಕ್ರೈಸ್ತಮತದಲ್ಲಿ ಉಳಿಯುವುದೇನೂ ಇಲ್ಲ.

ಹಾಗೆಂದವರು ಕ್ರೈಸ್ತರಲ್ಲಿಯೇ ಇದ್ದರು. ಮೊದಲ ಶತಮಾನಗಳ ಆಭಾಸವಾದಿಗಳು, ಕ್ರಿಸ್ತನ ದೇಹವು ಬರಿಯ ತೋರಿಕೆಯೆಂದರು. ಯಕ್ಷಗಾನದ ವೇಷಧಾರಿಯು ಕಿರೀಟ ಕಟ್ಟಿ ರಂಗಕ್ಕೆ ಬಂದು ಶಿರಚ್ಛೇದವಾದಂತೆ ಬಿದ್ದು ಚೌಕಿಗೆ ಹೋಗಿ ಚಹಾ ಕುಡಿಯುವಂತೆ, ದೇವರು ಮನುಷ್ಯವೇಷವನ್ನು ಧರಿಸಿ ಕಳಚಿದನೆಂಬುದು ಇವರ ಮತ. ಬೇರೆ ಕೆಲವರು, ಯೇಸುವು ಸಾಮಾನ್ಯ ಮನುಷ್ಯನೇ. ದೇವರ ಆತ್ಮವು ಅವನ ಮೇಲೆ ಬಂದು ಅವನನ್ನು ಮಗನೆಂದು ದತ್ತು ತೆಗೆದುಕೊಂಡಿತು ಎಂದರು. ಇದು ಆವೇಶ ಸಿದ್ಧಿಗಳ ಕೂಡಿಕೆ. ೩೨೫ರ ನಿಕೇಯ ಸಭೆಯೂ ೪೫೧ರ ಕಲ್ಕೆದೋನ್ ಸಭೆಯೂ ಈ ದಾರಿಗಳನ್ನು ಮುಚ್ಚಿದುವು. ಪೂರ್ಣದೇವ, ಪೂರ್ಣಮಾನವ, ವ್ಯಕ್ತಿ ಒಬ್ಬನೇ ಎಂಬುದು ನಿರ್ಣಯ. ಎರಡು ಸ್ವಭಾವಗಳು ಹೇಗೆ ಕೂಡಿದುವೆಂದು ಸಭೆಯು ವಿವರಿಸಲಿಲ್ಲ. ಬೆರಕೆಯಿಲ್ಲ, ಮಾರ್ಪಾಟಿಲ್ಲ, ವಿಭಾಗವಿಲ್ಲ, ಅಗಲಿಕೆಯಿಲ್ಲ ಎಂದು ನಾಲ್ಕು 'ಇಲ್ಲ'ಗಳನ್ನು ಮಾತ್ರ ಹೇಳಿತು. 'ನೇತಿ ನೇತಿ' ಎಂದ ಉಪನಿಷತ್ತಿನ ನಾಡಿನವರಿಗೆ ಈ ಮರ್ಯಾದೆಯು ಅರ್ಥವಾಗದೆ ಇರದು.

ಇಷ್ಟು ಸೂಕ್ಷ್ಮದಿಂದ ಪ್ರಯೋಜನವೇನು ಎಂದು ಕೇಳಬಹುದು. ನೇತ್ರಾವತಿಯ ದಡದವರಿಗೆ ಒಂದು ಉಪಮೆಯನ್ನು ಕೊಡಬಹುದು. ೧೯೨೩ರ ಮತ್ತು ೧೯೭೪ರ ನೆರೆಗಳನ್ನು ಬಂಟ್ವಾಳ ಪಾಣೆಮಂಗಳೂರಿನ ಹಳೆಯ ಮನೆಗಳು ಇನ್ನೂ ಮರೆತಿಲ್ಲ. ಪ್ರವಾಹದಲ್ಲಿ ಒಬ್ಬನು ಕೊಚ್ಚಿಹೋಗುತ್ತಿದ್ದಾನೆ. ಕೈಸೋತು ಹಗ್ಗವನ್ನು ಹಿಡಿಯಲಾರನು. ದಡದಲ್ಲಿ ನಿಂತು ಈಜುವ ಕ್ರಮವನ್ನು ಹೇಳಿದರೆ ಅವನು ಬದುಕುವುದಿಲ್ಲ. ಕನಿಕರದಿಂದ ತಾನೂ ಹಾರಿಬಿಟ್ಟರೆ ಇಬ್ಬರೂ ಹೋಗುತ್ತಾರೆ. ಹಾರುವವನು ನೀರಿನಲ್ಲಿ ನಿಜವಾಗಿ ಇಳಿಯಬೇಕು, ಅವನ ನಡುವಿನ ಹಗ್ಗವು ದಡದ ಮರಕ್ಕೆ ನಿಜವಾಗಿ ಬಿಗಿದಿರಬೇಕು. ಇಳಿಯದಿದ್ದರೆ ಮುಟ್ಟಲಾರನು, ಬಿಗಿಯದಿದ್ದರೆ ಎತ್ತಲಾರನು. ಮಧ್ವರ ಕಾಳಜಿಯು ಹಗ್ಗದ ಬಿಗಿಯನ್ನು ಕುರಿತದ್ದು. ಕಲ್ಕೆದೋನಿನವರು ಹಗ್ಗ ನೀರು ಎರಡನ್ನೂ ಬಿಡಲೊಪ್ಪಲಿಲ್ಲ. ಉಪಮೆಗೆ ಮಿತಿಯುಂಟು: ಹಗ್ಗವು ಮನುಷ್ಯನಿಗೆ ಹೊರಗಣದು, ದೈವತ್ವವು ಕ್ರಿಸ್ತನಿಗೆ ಹೊರಗಣದಲ್ಲ. ಆದರೂ ಎರಡು ಮಾತುಗಳನ್ನು ಏಕಕಾಲದಲ್ಲಿ ಏಕೆ ಹೇಳಬೇಕಾಯಿತೆಂಬುದು ಇದರಿಂದ ತಿಳಿದೀತು.

ಇನ್ನು ಆಕ್ಷೇಪಗಳು. ಯುಗಯುಗದಲ್ಲಿಯೂ ಬರುವ ದೇವರ ಮುಂದೆ, ಒಂದೇ ಸಲ ಒಂದೇ ಮೂಲೆಯಲ್ಲಿ ಬಂದವನ ಔದಾರ್ಯವು ಕಡಮೆಯಲ್ಲವೆ? ಕಾಲವು ಚಕ್ರದಂತೆ ತಿರುಗುವುದೆಂದು ನಂಬಿದವನಿಗೆ ಮತ್ತೆ ಮತ್ತೆ ಬರುವುದೇ ಸಹಜ. ಕ್ರೈಸ್ತನಿಗಾದರೋ ಪುನರ್ಜನ್ಮವಿಲ್ಲ, ಮನುಷ್ಯನ ಬಾಳು ಒಂದೇ ಸಲ, ಮರಣವೂ ಒಂದೇ ಸಲ. ಅಂತಹ ಬಾಳನ್ನು ನಿಜವಾಗಿ ತನ್ನದಾಗಿಸಿಕೊಂಡವನು ಆ ಒಂದೇ ಸಲವನ್ನೂ ತನ್ನದಾಗಿಸಿಕೊಳ್ಳಬೇಕು. ಹೀಗೆ ವಿವಾದವು ಅವತಾರದ ಸಂಖ್ಯೆಯಲ್ಲಿಲ್ಲ, ಕಾಲದ ಸ್ವರೂಪದಲ್ಲಿದೆ.

ಉಪದೇಶವೊಂದೇ ಸಾಲದೆ ಎಂಬುದು ಇನ್ನೊಂದು ಆಕ್ಷೇಪ. ರಾಜಾ ರಾಮಮೋಹನರಾಯರು ೧೮೨೦ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆರಿಸಿ ಅಚ್ಚುಹಾಕಿಸಿದಾಗ ಶ್ರೀರಾಮಪುರದ ಮಿಶನರಿಗಳು ಕೆರಳಿದರು. ದೇವರಿಗೆ ಮಕ್ಕಳುಂಟಾದರೆ ನಾವೆಲ್ಲರೂ ಅವನ ಮಕ್ಕಳೇ ಎಂಬ ಅಭಿಪ್ರಾಯವನ್ನು ಗಾಂಧೀಜಿಯವರು ಆತ್ಮಕಥೆಯಲ್ಲಿ ಬರೆದರು. ನೀತಿಗಾಗಿ ಅವತಾರವು ಬೇಕಿಲ್ಲವೆಂಬುದು ನಿಜವೇ. ಬುದ್ಧನೂ ಬಸವಣ್ಣನೂ ಅವತಾರವನ್ನು ಆಶ್ರಯಿಸದೆಯೇ ನೀತಿಯನ್ನು ಬೋಧಿಸಿದರು. ಆದರೆ ಕ್ರೈಸ್ತನು ಹೇಳುವುದು ದೇವರು ಏನೆಂದನು ಎಂಬುದನ್ನಲ್ಲ, ಏನು ಮಾಡಿದನು ಎಂಬುದನ್ನು. ಹಸಿದವನಿಗೆ ಅನ್ನವಿಕ್ಕೆಂದು ಹೇಳುವುದು ಒಂದು. ತಾನೇ ಹಸಿದು ನಿಲ್ಲುವುದು ಇನ್ನೊಂದು. ಈ ಎರಡನೆಯದು ನಡೆದುದೇ ಆದರೆ ಅಂದಿನಿಂದ ಹಸಿದವನ ಮೈಯೆಂಬುದು ಕೇವಲ ಅವನ ಮೈಯಾಗಿ ಉಳಿಯುವುದಿಲ್ಲ. ಅತ್ಯಲ್ಪನಿಗೆ ಮಾಡಿದುದನ್ನು ತನಗೇ ಮಾಡಿದುದೆಂದು ಯೇಸುವು ಎಣಿಸುವನೆಂದು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವು ಹೇಳುವುದರ ತಾತ್ಪರ್ಯವಿದು.

ಆದುದರಿಂದ ಈ ತತ್ತ್ವದ ಪರೀಕ್ಷೆಯು ತರ್ಕದ ಚಾವಡಿಯಲ್ಲಿ ಮುಗಿಯತಕ್ಕದ್ದಲ್ಲ. ಮಂಗಳೂರಿನ ಚರಿತ್ರೆಯಿಂದ ಎರಡು ನಿದರ್ಶನಗಳು ಸಾಕು. ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರರು ೧೮೮೦ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿ, ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. ಊರು ಮುಟ್ಟದ ಮೈಯನ್ನು ಅವರು ಮುಟ್ಟಿದರು. ದೇವರು ಮೈಯನ್ನು ಹೊತ್ತನೆಂದು ನಂಬಿದವರ ನಡೆಯಿದು. ಆದರೆ ಅದೇ ಪಟ್ಟಣದಲ್ಲಿ ೧೮೯೭ರಲ್ಲಿ ದಲಿತೋದ್ಧಾರದ ಮಿಶನನ್ನು ಸ್ಥಾಪಿಸಿದ ಕುದ್ಮುಲ್ ರಂಗರಾಯರು ಬ್ರಹ್ಮಸಮಾಜದವರು. ಯಾವ ಅವತಾರವನ್ನೂ ಒಪ್ಪದವರು. ಸ್ವಜನರ ಬಹಿಷ್ಕಾರವನ್ನು ಸಹಿಸಿ ಅವರು ಅಸ್ಪೃಶ್ಯರ ಮಕ್ಕಳಿಗೆ ಅಕ್ಷರ ಕಲಿಸಿದರು. ಇತ್ತ, ದೇವರು ಎಲ್ಲರ ಮೈಯನ್ನೂ ಹೊತ್ತನೆಂದು ಭಾನುವಾರ ಭಾನುವಾರವೂ ಪಠಿಸಿದ ಕ್ರೈಸ್ತರಲ್ಲಿಯೂ ಬಾಮಣ, ಚಾರೋಡಿ, ಶೂದಿರರೆಂಬ ಭೇದಗಳು ಮದುವೆಯ ಮಾತು ಬಂದಾಗ ತಲೆಯೆತ್ತಿದುವು. ನಂಬಿಕೆಯೊಂದೇ ನಡೆಯನ್ನು ಹುಟ್ಟಿಸುವುದಿಲ್ಲ; ನಡೆಯೆಲ್ಲವೂ ಆ ನಂಬಿಕೆಯಿಂದಲೇ ಹುಟ್ಟುವುದೂ ಇಲ್ಲ.

ಹಾಗಾದರೆ ತತ್ತ್ವವು ನಿರರ್ಥಕವೆ? ಅಲ್ಲ. ರಂಗರಾಯರಂತಹವರು ತಮ್ಮ ಅಂತಃಕರಣದ ಬಲದಿಂದ ನಡೆದರು. ಅವರಂತೆ ನಡೆಯದ ಬ್ರಹ್ಮಸಮಾಜಿಯನ್ನು ಆತನ ಮತವು ಅಷ್ಟಾಗಿ ಚುಚ್ಚಲಾರದು, ಆತನ ಅಂತಃಕರಣವೇ ಚುಚ್ಚಬೇಕು. ಜಾತಿಯನ್ನು ಕಾಯ್ದುಕೊಂಡ ಕ್ರೈಸ್ತನನ್ನಾದರೋ ಅವನ ಮತದ ಮೂಲಸೂತ್ರವೇ ಅಪರಾಧಿಯೆಂದು ಸಾರುತ್ತದೆ. ನೆರೆಯವನ ಮೈಯನ್ನು ಹೇಸಿದವನು ತನ್ನ ದೇವರು ಆರಿಸಿಕೊಂಡುದನ್ನೇ ಹೇಸಿದಂತೆ. ತನ್ನ ಅನುಯಾಯಿಗಳ ವಿರುದ್ಧ ಸಾಕ್ಷಿ ನುಡಿಯುವ ಶಕ್ತಿಯಿರುವ ತತ್ತ್ವವನ್ನು ಬರಡೆನ್ನಲಾಗದು.

ಈ ಸೀಮೆಯ ಬೇರೆ ಉತ್ತರಗಳನ್ನು ನಂಬಿದವರು ಇದನ್ನು ಒಪ್ಪಬೇಕೆಂಬ ನಿರ್ಬಂಧವಿಲ್ಲ. ಆದರೆ ಇದು ಅವರ ಮುಂದೆಯೂ ಒಂದು ಪ್ರಶ್ನೆಯನ್ನಿಡುತ್ತದೆ. ದೈವವು ಒಂದು ರಾತ್ರಿ ಬಂದುಹೋದ ಮೈಯನ್ನು ಮರುದಿನ ಬೆಳಗ್ಗೆ ಹೇಗೆ ಕಾಣಬೇಕು? ಸಿದ್ಧನಾಗಬಲ್ಲ ಜೀವವು ಇಂದು ಹಸಿದು ಬಾಗಿಲಲ್ಲಿ ನಿಂತರೆ ಹೇಗೆ ಕಾಣಬೇಕು? ಅಂತರ್ಯಾಮಿಯು ಎಲ್ಲರೊಳಗೂ ಇರುವನೆಂದವನು ಹೊರಗಿನ ಮೈಯನ್ನು ಹೇಗೆ ಕಾಣಬೇಕು? ಪ್ರತಿಯೊಂದು ಮತದಲ್ಲಿಯೂ ಇದಕ್ಕೆ ಉತ್ತರವಿದೆ. ಆ ಉತ್ತರವು ಪಂಡಿತರ ಗ್ರಂಥಗಳಿಗಿಂತ ಮೊದಲು ಮನೆಯ ಜಗಲಿಯಲ್ಲಿ, ಬಂದವನನ್ನು ಎಲ್ಲಿ ಕುಳ್ಳಿರಿಸಿದರು ಎಂಬುದರಲ್ಲಿ ತಿಳಿದುಬರುತ್ತದೆ.